ರೋಡ್ಸ್‌ನಲ್ಲಿ ಒಂದು ಹಗಲು: ಹಳೇ ಊರಾ, ಲಿಂಡೋಸಾ?

ಗ್ರೀಸ್‌ನ ರೋಡ್ಸ್ ದ್ವೀಪದಲ್ಲಿ ಕ್ರೂಸ್ ಹಡಗು ಒಂದೇ ಹಗಲು ನಿಲ್ಲುತ್ತೆ ಅಂದ್ರೆ ಬಂದರಿನ ಪಕ್ಕದ ಹಳೇ ಊರು, ದೂರದ ಲಿಂಡೋಸ್ ಊರು, ಈ ಎರಡರಲ್ಲಿ ಒಂದನ್ನ ಆರಿಸ್ಕೊಳ್ಳಿ, ಎರಡೂ ನೋಡ್ತೀನಿ ಅಂತ ಓಡಿದ್ರೆ ಯಾವ್ದೂ ಸರಿಯಾಗಿ ನೋಡಿದ ಹಾಗಾಗಲ್ಲ.

ಹಳೇ ಊರಿಗೆ ಬಸ್ಸೇ ಬೇಡ. ಹಡಗಿಂದ ಇಳಿದು ಸ್ವಲ್ಪ ನಡೆದ್ರೆ ಕೋಟೆ ಬಾಗಿಲು, ಒಳಗೆ ಹೋದ್ರೆ ಕ್ರೈಸ್ತ ಯೋಧ-ಸನ್ಯಾಸಿಗಳಾದ ಸೇಂಟ್ ಜಾನ್ ನೈಟ್‌ಗಳು 1309ರಿಂದ 1522ರವರೆಗೆ ಆಳಿದ ಊರು ಇನ್ನೂ ಹಾಗೇ ಇದೆ, ಜನ ಅಲ್ಲೇ ಸಂಸಾರ ಮಾಡ್ತಿದಾರೆ, ಅದೇ ನಂಗೆ ಜಾಸ್ತಿ ಇಷ್ಟ. ನೈಟ್‌ಗಳ ಬೀದಿ ಹತ್ತಿದ್ರೆ ತುದೀಲಿ ಅವರ ಮುಖ್ಯಸ್ಥರಾದ ಗ್ರ್ಯಾಂಡ್ ಮಾಸ್ಟರ್ ಅರಮನೆ, ಕೆಳಗಡೆ ನೈಟ್‌ಗಳ ಆಸ್ಪತ್ರೆ ಈಗ ಮ್ಯೂಸಿಯಂ, ಆಮೇಲೆ ಆಳೋಕೆ ಬಂದ ತುರ್ಕಿಯ ಒಟ್ಟೋಮನ್‌ರ ಮಸೀದಿಗಳು, 1577ರ ಯಹೂದಿ ಪ್ರಾರ್ಥನಾ ಮಂದಿರ. ಕೋಟೆ ಕಂದಕದೊಳಗೂ ನಡೀಬಹುದು, ಅಲ್ಲಿ ಗಲಾಟೆ ಕಮ್ಮಿ, ಅದನ್ನ ದಯವಿಟ್ಟು ಬಿಡಬೇಡಿ.

ಲಿಂಡೋಸ್ ಸುಮಾರು 50 ಕಿಲೋಮೀಟರ್ ದೂರ, ಬಸ್ಸಲ್ಲಿ ಹೋಗಿ ಬರೋಕೇ ಎರಡು ಗಂಟೆ ಮೇಲೆ ಬೇಕು. ಬಂಡೆ ಮೇಲೆ ಗ್ರೀಕ್ ದೇವತೆ ಅಥೀನಾ ದೇವಸ್ಥಾನದ ಕಂಬಗಳು, ಕೆಳಗೆ ನೀಲಿ ಕಡಲು, ಆ ನೋಟ ಹಳೇ ಊರಲ್ಲಿ ಸಿಗಲ್ಲ ನಿಜ. ಆದ್ರೆ ಮೆಟ್ಟಿಲು ಜಾಸ್ತಿ, ನೆರಳಿಲ್ಲ, ಜುಲೈ ಬಿಸಿಲಲ್ಲಿ ವಯಸ್ಸಾದೋರನ್ನ ಕರ್ಕೊಂಡು ಹೋಗ್ಬೇಡಿ.

ಎಂಟು ಗಂಟೆಗಿಂತ ಕಮ್ಮಿ ಸಮಯ ಇದ್ರೆ ಹಳೇ ಊರೇ. ಬೀದಿ ತುಂಬಾ ಗುಂಡುಕಲ್ಲು ಹಾಸಿದಾರೆ, ಚಪ್ಪಲಿ ಬೇಡ, ಒಳ್ಳೇ ಶೂ ಹಾಕ್ಕೊಳ್ಳಿ.