ಕಂಬಗಳ ಮೇಲೆ ಮತ್ತೆ ಎದ್ದ ನಮ್ಮ ಬೀಚ್ ಹೋಟೆಲ್
2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಬಡಿದಾಗ, ಫ್ಲಾರಿಡಾದ ಫೋರ್ಟ್ ಮೈಯರ್ಸ್ ಬೀಚ್‌ಗೆ 10ರಿಂದ 15 ಅಡಿ ಸಮುದ್ರದ ನೀರು ನುಗ್ಗಿತು. ಟ್ಯಾಂಪಾದಿಂದ ಬಂದಾಗಲೆಲ್ಲ ನಾವು ಊಟಕ್ಕೆ ಹೋಗುತ್ತಿದ್ದ ಮರದ ಹೋಟೆಲ್ ಬುಡಸಮೇತ ಹೋಯಿತು.

ಈಗ ಅದೇ ಜಾಗದಲ್ಲಿ, ಎತ್ತರದ ಕಂಬಗಳ ಮೇಲೆ ಮತ್ತೆ ಎದ್ದಿದೆ. ರಿಪೇರಿ ಖರ್ಚು ಕಟ್ಟಡದ ಬೆಲೆಯ ಅರ್ಧ ದಾಟಿದರೆ ಅಲ್ಲಿ ಪ್ರವಾಹ ನಿಯಮದಂತೆ ಎತ್ತರಿಸಿ ಕಟ್ಟಲೇಬೇಕು. ಮತ್ತೆ ತೆರೆಯೋದು ತಡವಾಗದೆ ಇರುತ್ತಾ? ಮರಳಲ್ಲಿ ಕಾಲು ಊರಿ ತಿನ್ನುವ ಸುಖ ಮಾತ್ರ ಹೋಯಿತು, ನನಗದು ನಿಜಕ್ಕೂ ಬೇಸರ.

ಗ್ರೂಪರ್ ಮೀನಿನ ಸ್ಯಾಂಡ್‌ವಿಚ್ ಅದೇ ರುಚಿ! ಹೊರಗೆ ಗರಿಗರಿ, ಒಳಗೆ ಮೆತ್ತಗೆ. ನಿಂಬೆ ಹಿಂಡಿದರೆ ಸಾಕು, ಸಾಸ್ ಬೇಡ. ಹಳೆಯ ಅಡುಗೆಯವರೇ ವಾಪಸ್ ಬಂದಿದ್ದಾರೆ. ವೀಲ್‌ಚೇರ್‌ನಲ್ಲಿರುವ ನಮ್ಮತ್ತೆಗೆ ಲಿಫ್ಟ್ ಇದೆ. ಬೆಲೆ ಏರಿದೆ, ಆದರೂ ಖುಷಿಯಿಂದ ಕೊಟ್ಟೆ. ಶನಿವಾರ ಹೋಗಬೇಡಿ, ಈ ದ್ವೀಪಕ್ಕೆ ಬರುವ ಸೇತುವೆ ಮೇಲೆ ಟ್ರಾಫಿಕ್ ಜಾಸ್ತಿ.