ಕ್ಲಿಕ್ ಬಂತು, ಆರ್ಡರ್ ಬರಲಿಲ್ಲ: ಒಂದು ಜಾಹೀರಾತು ಏಜೆನ್ಸಿ ಬಗ್ಗೆ

ನಮ್ಮ ಆನ್‌ಲೈನ್ ಅಂಗಡಿಯ ಜಾಹೀರಾತು ನೋಡಿಕೊಳ್ಳಲು ಒಂದು ಏಜೆನ್ಸಿಗೆ ಕೊಟ್ಟಿದ್ದೆವು. ಹೆಸರು ಬೇಡ ಬಿಡಿ. ಜನ ಚುರುಕು, ಫೋನ್ ಎತ್ತುತ್ತಾರೆ, ಪ್ರತಿ ವಾರ ರಿಪೋರ್ಟ್ ತಪ್ಪದೆ ಬರುತ್ತದೆ. ಆದರೆ ರಿಪೋರ್ಟ್ ತುಂಬ ಇಂಪ್ರೆಷನ್ (ಜಾಹೀರಾತು ಎಷ್ಟು ಸಲ ಕಂಡಿತು), ರೀಚ್ (ಎಷ್ಟು ಜನರಿಗೆ ಕಂಡಿತು), ಕ್ಲಿಕ್ಕುಗಳದ್ದೇ ಕಾರುಬಾರು. ಎಷ್ಟು ಆರ್ಡರ್ ಬಂತು ಅನ್ನೋ ಕಾಲಂ ಮಾತ್ರ ಇಲ್ಲ. ಕೇಳಿದರೆ, "ಜನರನ್ನ ನಿಮ್ಮ ಬಾಗಿಲಿಗೆ ತರೋದು ನಮ್ಮ ಕೆಲಸ ಸರ್, ಮಾರೋದು ನಿಮ್ಮದು" ಅಂದರು.

ಮಾತು ಅರ್ಧ ಸರಿ. ಸರಕು ಚೆನ್ನಾಗಿಲ್ಲದಿದ್ದರೆ, ಬೆಲೆ ಜಾಸ್ತಿ ಇದ್ದರೆ ಏಜೆನ್ಸಿ ಏನು ಮಾಡೀತು? ಮಾರಾಟದ ಗ್ಯಾರಂಟಿ ಕೊಡುವವರನ್ನು ನಾನಂತೂ ನಂಬುವುದಿಲ್ಲ. ಮಾರಾಟ ಹಾಗಿರಲಿ, ಗೂಗಲ್ ಹುಡುಕಾಟದಲ್ಲಿ ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡೋಕಾಗಲ್ಲ ಅಂತ ಗೂಗಲ್ಲೇ ತನ್ನ ಮಾರ್ಗಸೂಚಿಯಲ್ಲಿ ಬರೆದಿದೆ.

ಒಂದು ದಿನ ನಾನೇ ಜಾಹೀರಾತು ಒತ್ತಿ ನೋಡಿದೆ. ಚೀಲದ ಚಿತ್ರ ಒತ್ತಿದರೆ ಚೀಲದ ಪುಟಕ್ಕೆ ಹೋಗಬೇಕು ಅಲ್ವಾ? ಹೋಗಿದ್ದು ಮುಖಪುಟಕ್ಕೆ. ಅಲ್ಲಿಂದ ಗಿರಾಕಿ ಮೆನು ತೆರೆದು, ವಿಭಾಗ ಹುಡುಕಿ, ಕೆಳಕ್ಕೆ ಜಾರಿಸುತ್ತಾ ಜಾರಿಸುತ್ತಾ ಆ ಚೀಲವನ್ನು ಪತ್ತೆ ಹಚ್ಚಬೇಕು, ಅಷ್ಟು ತಾಳ್ಮೆ ಯಾರಿಗಿದೆ, ಅದೂ ಫೋನಿನಲ್ಲಿ? ಬಂದವರಲ್ಲಿ ಬಹುತೇಕರು ಅಲ್ಲಿಂದಲೇ ವಾಪಸ್ ಹೋಗಿದ್ದು ಏಜೆನ್ಸಿಯದೇ ಅಂಕಿಅಂಶದ ಡ್ಯಾಶ್‌ಬೋರ್ಡಿನಲ್ಲಿ ಕಾಣುತ್ತಿತ್ತು. ನಮ್ಮನ್ನು ಗೆಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ದುಡ್ಡು ಸೋರಿಹೋಗೋದು ಕಣ್ಣಿಗೆ ಕಂಡಾಗ ಒಂದು ಮಾತು ಹೇಳಬೇಕಿತ್ತು. ಹೇಳದೆ ಸುಮ್ನೆ ಬಿಲ್ ಕಳಿಸುತ್ತಾ ಹೋದರು.

ಗಲಾಟೆ ಮಾಡಿದ ಮೇಲೆ ಲಿಂಕ್ ಅದೇ ದಿನ ಸರಿಯಾಯಿತು. ಆರ್ಡರ್ ಲೆಕ್ಕ ಇಡುವ ಟ್ರ್ಯಾಕಿಂಗನ್ನೂ ಹಾಕಿದರು. ಹಳೆಯ ಬಿಲ್ ಮಾತ್ರ ಇಳಿಸಲಿಲ್ಲ. ಐದಕ್ಕೆ ಎರಡೂವರೆ ಸ್ಟಾರ್, ಅದರಲ್ಲಿ ಅರ್ಧ ಫೋನ್ ಎತ್ತಿದ್ದಕ್ಕೆ.