550 ಪ್ಯಾರಾಕಾರ್ಡ್ ಅಂತ ಮಾರೋ ಹುರಿ ನೀರಲ್ಲಿ ತೇಲುತ್ತಾ, ಮೊದಲು ನೋಡ್ಕೊಳ್ಳಿ

ಮಡಚೋ ಚಾಕುವಿಗೆ ಲ್ಯಾನ್ಯಾರ್ಡ್ (ಹಿಡಿಯ ತೂತಿಗೆ ಕಟ್ಟೋ ಹುರಿ) ಹೆಣೆಯೋಕೆ ಆನ್‌ಲೈನಲ್ಲಿ ಪ್ಯಾರಾಕಾರ್ಡ್, ಅಂದ್ರೆ ಪ್ಯಾರಾಶೂಟ್ ಹುರಿ ತರಿಸೋರು ಹುಷಾರು. 'ಅಸಲಿ 550, ನೈಲಾನ್, 7 ಎಳೆ' ಅಂತ ದಪ್ಪಕ್ಷರದಲ್ಲಿ ಹಾಕಿದ್ರು. ನಂಬಿ 30 ಮೀಟರ್ ತರಿಸಿದ್ದಾಯ್ತು. ಬಂದದ್ದು ಪಾಲಿಪ್ರೊಪಿಲೀನ್. ಬಟ್ಟೆ ಒಣಹಾಕೋ ಹಗ್ಗಕ್ಕೆ ಬಣ್ಣದ ಅಂಗಿ ತೊಡಿಸಿದ್ದಾರೆ, ಅಷ್ಟೇ!

ಚಾಕುವಿನ ತೂತು 3 ಮಿ.ಮೀ., ಹುರಿ 4 ಮಿ.ಮೀ. ಇದ್ರೆ ಒಳಗಿನ ಎಳೆಗಳನ್ನ ಎಳೆದುಹಾಕಿ ಬರೀ ಹೊರಗಿನ ಕವಚ ಪೋಣಿಸ್ತೀವಲ್ಲ, ಅದಕ್ಕಂತ ತುದಿ ಕತ್ತರಿಸಿದಾಗಲೇ ಗುಟ್ಟು ರಟ್ಟಾಗಿದ್ದು. 7 ಎಳೆ ಎಲ್ಲಿ? ಪುಸುಪುಸು ಅನ್ನೋ ಒಂದೇ ಜುಂಗು. ಅಸಲಿಯಲ್ಲಿ ಏಳೂ ಎಳೆ ಬೇರೆ ಬೇರೆ ಇರುತ್ತೆ, ಒಂದೊಂದರಲ್ಲೂ 2 ಇಲ್ಲಾ 3 ನೂಲು ಹೊಸೆದಿರುತ್ತೆ. ಲೈಟರ್ ಹಿಡಿದರೆ ಮೇಣದ ವಾಸನೆ. ಲ್ಯಾನ್ಯಾರ್ಡಿಗೆ ಹಾಕೋ ಡೈಮಂಡ್ ಗಂಟು ಎಷ್ಟು ಬಿಗಿದರೂ ಬೆಳಗಾಗೋದ್ರೊಳಗೆ ಸಡಿಲ, ಅಷ್ಟು ಜಾರು, ಅಷ್ಟು ಬಿರುಸು. ಕೊನೆಗೆ ಒಂದು ತುಂಡನ್ನ ನೀರಲ್ಲಿ ಅದ್ದಿ, ಹಿಂಡಿ, ಗಾಳಿ ತೆಗೆದು ಬಿಟ್ಟರೆ ಆರಾಮಾಗಿ ತೇಲ್ತಾ ಇತ್ತು. ನೈಲಾನ್ ಮುಳುಗಬೇಕು ಕಣ್ರೀ. ಹಿಂಡದೆ ಬಿಟ್ಟರೆ ಮಾತ್ರ ಗಾಳಿ ಸೇರಿಕೊಂಡು ಅದೂ ಸ್ವಲ್ಪ ಹೊತ್ತು ತೇಲೀತು.

ಮಾರಿದವರಿಗೆ ವಿಡಿಯೋ ಕಳಿಸಿದ್ದಕ್ಕೆ ಬಂದ ಉತ್ತರ: "ತೇಲೋದೇ ಕ್ವಾಲಿಟಿ ಸರ್, ವಾಟರ್‌ಪ್ರೂಫ್." 550 ಅಂದ್ರೆ ಏನು ಅಂತ ಕೇಳಿದರೆ, "ಅದು ಮಾಡೆಲ್ ನಂಬರ್ ಸರ್." ಮಾಡೆಲ್ ನಂಬರ್ ಅಂತೆ! 550 ಪೌಂಡ್, ಅಂದ್ರೆ ಸುಮಾರು 250 ಕಿಲೋ ಭಾರ ತಡೀಬೇಕು ಅಂತ ಅದಕ್ಕೆ ಆ ಹೆಸರು. ವಾಪಸ್ ತಗೊಳ್ಳಿ ಅಂದ್ರೆ, "ಕತ್ತರಿಸಿದ ಮಾಲು ವಾಪಸ್ ಇಲ್ಲ." ಕತ್ತರಿಸದೆ ಒಳಗೇನಿದೆ ಅಂತ ನೋಡೋದು ಹೇಗೆ ಸ್ವಾಮಿ? ಅದಕ್ಕೆ ಉತ್ತರ ಇಲ್ಲ.

ದುಡ್ಡು ಕೊಡೋ ಮೊದಲು ಕತ್ತರಿಸಿದ ತುದಿಯ ಫೋಟೋ ಕೇಳಿ. ಕಳಿಸಲ್ಲ ಅಂದ್ರೆ ಬಿಟ್ಟುಬಿಡಿ. ಮುಳುಗಿತು ಅಂತ ಕುಣೀಬೇಡಿ, ಪಾಲಿಯೆಸ್ಟರೂ ಮುಳುಗುತ್ತೆ; ಅದನ್ನ ಸುಟ್ಟರೆ ಕಪ್ಪು ಹೊಗೆ ಬರುತ್ತೆ. ಮೊದಲ ಸಲ 3 ಮೀಟರ್ ಸಾಕು: ಕೋಬ್ರಾ ಹೆಣಿಗೆ (ಚಪ್ಪಟೆ ಪಟ್ಟಿ ಥರದ್ದು) 8 ಸೆಂ.ಮೀ. ಆಗೋಕೆ ಹೆಚ್ಚುಕಮ್ಮಿ 1 ಮೀಟರ್ ತಿನ್ನುತ್ತೆ. ತೂತು ಸಣ್ಣದಿದ್ರೆ 2 ಮಿ.ಮೀ. ಹುರಿಯನ್ನೇ ತಗೊಳ್ಳಿ, ಕವಚ ಸುಲಿಯೋ ಗೋಳೇ ಬೇಡ.

ನಿನ್ನೆ ಮತ್ತೆ ಮೆಸೇಜ್: "ಸರ್, 5 ಸ್ಟಾರ್ ಕೊಡಿ, ಇನ್ನೊಂದು ಸುರುಳಿ ಫ್ರೀ." ಅಲ್ಲಿಗೆ ಆ ಹುರಿಯ ಕೆಳಗೆ ಅಷ್ಟೊಂದು ಹೊಗಳಿಕೆ ಹೇಗೆ ಬಂತು ಅಂತ ಗೊತ್ತಾಯ್ತು.